ಅಕ್ಕನ ಕೈಲೆಕ್ಕ

ಮಣಿಪಾಲದ ಗುಡ್ಡೆಯ ಮೇಲೆ ಒಂದು ರಸ್ತೆಯುಂಟು. ಯಾವುದೆಂದು ಹೇಳುವುದಿಲ್ಲ, ಹೇಳಿದರೆ ನಾಳೆಯಿಂದ ನೀವೂ ಬಂದು ಅಲ್ಲಿ ಬಗ್ಗಲು ಶುರು ಮಾಡುತ್ತೀರಿ, ನನ್ನ ಪಾಲು ಕಡಿಮೆಯಾಗುತ್ತದೆ. ಆ ರಸ್ತೆಯ ಬದಿಗೆ ಒಂದು ಮಂಜೊಟ್ಟಿ ಮರ. ಬಿಸಿಲು ಬಲಿತ ಹಾಗೆ ಅದರ ಕೋಡುಗಳು ಸುರುಟಿಕೊಂಡು ಒಡೆದು, ಕೆಂಪು ಬೀಜಗಳು ಡಾಮರಿನ ಮೇಲೆಲ್ಲ ಉದುರಿರುತ್ತವೆ. ಡಾಕ್ಟರು ನನಗೆ ಹೇಳಿದ್ದು ತಲೆ ಎತ್ತಿ ಬಿರಬಿರನೆ ನಡೆಯಲಿಕ್ಕೆ. ನಾನು ತಲೆ ಬಗ್ಗಿಸಿ, ಹೆಜ್ಜೆಗೊಮ್ಮೆ ನಿಂತು ನಡೆಯುತ್ತೇನೆ. ಮೊನ್ನೆ ಬಿಳಿ ಕೋಟನ್ನು ತೋಳಿನ ಮೇಲೆ ಹಾಕಿಕೊಂಡಿದ್ದ ಒಬ್ಬಳು ಹುಡುಗಿ ನಿಂತು ಕೇಳಿದಳು: "ಆಂಟಿ, ಏನಾದ್ರೂ ಬಿದ್ದುಹೋಯ್ತಾ?" ಮುಷ್ಟಿ ಬಿಚ್ಚಿ ತೋರಿಸಿದೆ. "ಇದನ್ನ ಏನು ಮಾಡ್ತೀರಿ?" ಎಂದಳು. "ಏನೂ ಮಾಡುವುದಿಲ್ಲ" ಎಂದೆ. ಆಗ ಅವಳು ನನ್ನನ್ನು ನೋಡಿದ ರೀತಿಯಿಂದ ಹೇಳುತ್ತೇನೆ, ಮುಂದೆ ಒಳ್ಳೆಯ ಡಾಕ್ಟರಾಗುತ್ತಾಳೆ.

ನಾನು ಹೇಳಿದ್ದು ಪೂರ್ತಿ ಸುಳ್ಳೇನೂ ಅಲ್ಲ. ಬೀಜಗಳನ್ನು ಮನೆಗೆ ತಂದು ಕಿಟಕಿಯ ಬಳಿಯ ಬಟ್ಟಲಿಗೆ ಹಾಕುತ್ತೇನೆ, ಅಷ್ಟೇ. ಮಧ್ಯಾಹ್ನ ಊಟವಾಗಿ ಕಣ್ಣು ಎಳೆಯುವ ಹೊತ್ತಿಗೆ ಕೈ ತಾನಾಗಿ ಆ ಬಟ್ಟಲಿಗೆ ಹೋಗುತ್ತದೆ. ಒಂದು ಹಿಡಿ ಎತ್ತಿ ಒಂದೊಂದೇ ಬೀಜವನ್ನು ಮಡಿಲಿಗೆ ಬಿಡುತ್ತಾ ಹೋಗುತ್ತದೆ. ಟಪ್, ಟಪ್ ಎಂಬ ಆ ಸಣ್ಣ ಸದ್ದು ಕೇಳುತ್ತಾ ಕೇಳುತ್ತಾ ನಾನು ಎಲ್ಲಿದ್ದೇನೆಂಬುದೇ ಮರೆತುಹೋಗುತ್ತದೆ. ಮನೆಯವರು ಮಾತನಾಡಿಸಿದರೆ ಸಮುದ್ರದ ಆಚೆಯಿಂದ ಕೂಗಿದ ಹಾಗೆ ಕೇಳುತ್ತದೆ. ನಾನು ಆಗ ಹುಟ್ಟಿದೂರು ಕಾಪುವಿನಲ್ಲಿರುತ್ತೇನೆ, ಪಕ್ಕದಲ್ಲಿ ಅಕ್ಕ ಕೂತಿರುತ್ತಾಳೆ.

ನಾನು ಹುಡುಗಿಯಾಗಿದ್ದಾಗ, ಅಂದರೆ ಐವತ್ತರ ದಶಕದಲ್ಲಿ, ಮಣಿಪಾಲ ಎಂದರೆ ನಮ್ಮ ಪಾಲಿಗೆ ಉಡುಪಿಯ ಆಚೆಗಿನ, ನವಿಲು ಬಿಟ್ಟರೆ ಬೇರೆ ಯಾರೂ ಇಲ್ಲದ ಒಂದು ಬೋಳುಗುಡ್ಡೆ. "ಅಲ್ಲಿ ಕಾಲೇಜು ಕಟ್ತಾರಂತೆ" ಎಂದು ಬಸ್ಸಿನಲ್ಲಿ ಬಂದವರು ಹೇಳುತ್ತಿದ್ದರು. ಗುಡ್ಡೆಯ ಮೇಲೆ ನವಿಲುಗಳು ಸ್ಲೇಟು ಹಿಡಿದು ಕೂತಿರುವುದನ್ನು ನಾನು ಕಲ್ಪಿಸಿಕೊಂಡಿದ್ದೆ. ಕಾರ್ಕಳ ಅದಕ್ಕಿಂತಲೂ ದೂರ. ಅಲ್ಲಿ ಸಮುದ್ರದ ಸದ್ದೇ ಕೇಳುವುದಿಲ್ಲವೆಂದು ಅಜ್ಜಿ ಹೇಳಿದ್ದಳು. ಸಮುದ್ರದ ಸದ್ದಿಲ್ಲದೆ ಆ ಊರಿನ ಜನ ನಿದ್ದೆ ಹೇಗೆ ಮಾಡುತ್ತಾರೆಂದು ನನಗೆ ದೊಡ್ಡ ಚಿಂತೆ. ಚಿಂತೆಗೆ ಕಾರಣವೂ ಇತ್ತು. ಅಕ್ಕನನ್ನು ಶಾಲೆ ಬಿಡಿಸಿ ಕಾರ್ಕಳಕ್ಕೆ ಕಳಿಸುವ ಮಾತು ನಮ್ಮ ಮನೆಯಲ್ಲಿ ಆಗಾಗ ಏಳುತ್ತಿತ್ತು.

ಅಕ್ಕನ ಹೆಸರು ವಾರಿಜ. ನನಗಿಂತ ಒಂದು ವರ್ಷಕ್ಕೆ ದೊಡ್ಡವಳು. ಮೂರನೆಯ ಕ್ಲಾಸಿನಲ್ಲಿ ಲೆಕ್ಕದಲ್ಲಿ ಫೇಲಾಗಿ ಅಲ್ಲೇ ಕೂತಿದ್ದಳು. ಹಿಂದಿನಿಂದ ಬಂದ ನಾನು ಅವಳ ಬೆಂಚಿನಲ್ಲೇ ಜಾಗ ಹಿಡಿದೆ. ಕಾರ್ಕಳದ ಸೋದರತ್ತೆಗೆ ತೊಟ್ಟಿಲಲ್ಲೊಂದು, ನೆಲದಲ್ಲೊಂದು ಮಗು. ಬಂದಾಗಲೆಲ್ಲ ಅಪ್ಪನ ಹತ್ತಿರ ಹೇಳುತ್ತಿದ್ದಳು: "ಅವಳಿಗೆ ಶಾಲೆಗೆ ಹೋಗಿ ಎಂತ ಆಗ್ಲಿಕ್ಕುಂಟು ಅಣ್ಣ? ನನ್ನಲ್ಲಿಗೆ ಕಳ್ಸು. ಮಕ್ಕಳನ್ನಾದ್ರೂ ನೋಡಿಕೊಳ್ತಾಳೆ." ಅಪ್ಪ ಕಾಪು ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಜಗಲಿಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದ ಟೈಲರು. ಮಾತು ಕಡಿಮೆ. ಬಾಯಲ್ಲಿ ಯಾವಾಗಲೂ ಗುಂಡುಸೂಜಿ ಕಚ್ಚಿಕೊಂಡಿದ್ದರಿಂದ ಹಾಗಾಯಿತೆಂದು ಅಮ್ಮ ಹೇಳುತ್ತಿದ್ದಳು. ತಂಗಿಯ ಮಾತಿಗೆ ಅವರು ಹೂಂ ಅನ್ನುತ್ತಿರಲಿಲ್ಲ, ಊಹೂಂ ಅನ್ನುತ್ತಲೂ ಇರಲಿಲ್ಲ. ನನಗೆ ಅದೇ ಹೆದರಿಕೆ.

ಅಕ್ಕ ಪೆದ್ದಿಯಲ್ಲ. ಅದನ್ನು ನಾನು ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಆದರೆ ಸ್ಲೇಟು ಕೈಗೆ ಕೊಟ್ಟರೆ ಸಾಕು, ಅಂಕಿಗಳು ಅವಳಿಗೆ ಮಾತ್ರ ಚೇಷ್ಟೆ ಮಾಡುತ್ತಿದ್ದವು. ೬ ಬರೆಯಲು ಹೋದರೆ ೯ ಬಂದು ಕೂರುತ್ತಿತ್ತು. ಹದಿಮೂರು ಹೋಗಿ ಮೂವತ್ತೊಂದಾಗುತ್ತಿತ್ತು. ಬಾಯಿಲೆಕ್ಕ ಇನ್ನೂ ಕಷ್ಟ. ಅದಕ್ಕೆ ಎದ್ದು ನಿಂತು ಎದೆಯ ಮೇಲೆ ಕೈ ಕಟ್ಟಿಕೊಳ್ಳಬೇಕು. ಬೆರಳು ಅಲ್ಲಾಡಿದರೆ ಮಾಸ್ಟ್ರ ಬೆತ್ತವೂ ಅಲ್ಲಾಡುತ್ತಿತ್ತು. ಕೈ ಕಟ್ಟಿದ ಕೂಡಲೇ ಅಕ್ಕನ ಬಾಯಿಯೂ ಕಟ್ಟಿಹೋಗುತ್ತಿತ್ತು. ನಾನೋ, ಮಗ್ಗಿಯ ಗಿಳಿ. ಹತ್ತೊಂಬತ್ತರ ಮಗ್ಗಿಯನ್ನು ಉಸಿರು ಬಿಡದೆ ಒಪ್ಪಿಸುತ್ತಿದ್ದೆ. ಮನೆಯಲ್ಲಿ ಐದು ಜನಕ್ಕೆ ಹಲಸಿನ ತೊಳೆ ಹಂಚಲು ಹೇಳಿದರೆ ಮಾತ್ರ ಪ್ರತಿ ಸಲವೂ ನನಗೇ ಎರಡು ಹೆಚ್ಚು ಬರುತ್ತಿದ್ದವು. ಅದು ಲೆಕ್ಕದ ತಪ್ಪೆಂದು ಎಲ್ಲರೂ ನಂಬಿದ್ದರು.

ಆ ವರ್ಷ ನಮಗೆ ಹೊಸ ಟೀಚರ್ ಬಂದರು, ಕಾರ್ಮಿನ್ ಟೀಚರ್. ಶಂಕರಪುರದ ಕಡೆಯ ಮಲ್ಲಿಗೆ ತೋಟದ ಮನೆಯವರು. ಮಂಗಳೂರಿನಲ್ಲಿ ಟ್ರೈನಿಂಗ್ ಮುಗಿಸಿ ಸೀದಾ ನಮ್ಮಲ್ಲಿಗೇ ಬಂದಿದ್ದರು. ಅವರ ಮನೆಮಾತು ಕೊಂಕಣಿ, ನಮ್ಮದು ತುಳು. ಹಾಗಾಗಿ ಕನ್ನಡವೆಂದರೆ ಅವರೂ ನಾವೂ ಒಗೆದು ಇಸ್ತ್ರಿ ಹಾಕಿದ ಬಟ್ಟೆಯ ಹಾಗೆ ಜೋಪಾನವಾಗಿ ಬಳಸುವ ಭಾಷೆ. ಮೊದಲನೆಯ ದಿನ ನಾವೆಲ್ಲ ಕೈಕಟ್ಟಿ ಎದ್ದು ನಿಂತೆವು. ಟೀಚರ್ ಸ್ವಲ್ಪ ಹೊತ್ತು ನಮ್ಮನ್ನು ನೋಡಿ, "ಕೈ ಬಿಡಿ ಮಕ್ಕಳೇ. ಕೈ ಕಟ್ಟಿದ್ರೆ ಲೆಕ್ಕ ಹೇಗೆ ಮಾಡ್ತೀರಿ?" ಎಂದರು. ಯಾರೂ ಕೈ ಬಿಡಲಿಲ್ಲ. ಇದೇನೋ ಹೊಸ ಬಗೆಯ ಪರೀಕ್ಷೆ ಎಂದುಕೊಂಡೆವು.

ಅಲ್ಲಿಂದ ಮುಂದಿನದು ನನಗೆ ಕನಸಿನ ಹಾಗೆ ನೆನಪಾಗುತ್ತದೆ, ಯಾವುದು ಮೊದಲು, ಯಾವುದು ಆಮೇಲೆ ಎಂದು ಕೇಳಬೇಡಿ. ಶಾಲೆಯ ಜಗಲಿಯ ತುಂಬ ಕಡಲ ಹೊಯಿಗೆ, ಅಂದರೆ ಮರಳು, ಹರಡಿತು. ಅದರಲ್ಲಿ ಆಳೆತ್ತರದ ಅಂಕಿಗಳು. ನಾವು ಅವುಗಳ ಮೇಲೆ ನಡೆಯಬೇಕು. ಅಕ್ಕ ಬರಿಗಾಲಲ್ಲಿ ೬ರ ಮೇಲೆ ನಡೆದಳು, ಮತ್ತೆ ನಡೆದಳು, ಕಣ್ಣು ಮುಚ್ಚಿಯೂ ನಡೆದಳು. "ಟೀಚರ್, ಇದು ಈ ಬದಿಗೆ ತಿರುಗ್ತದೆ" ಎಂದಳು, ಯಾರೋ ಇಷ್ಟು ದಿನ ಅವಳಿಂದ ಅಡಗಿಸಿಟ್ಟಿದ್ದ ಹಾಗೆ. ನಮ್ಮಲ್ಲಿ ಗಿಲ್ಬರ್ಟ್ ಎಂಬ ಒಬ್ಬನಿದ್ದ. ಅವನ ಕುಂಡೆ ಬೆಂಚಿಗೆ ತಾಗಿದ್ದನ್ನು ಯಾರೂ ಕಂಡಿರಲಿಲ್ಲ. ಅವನಿಗೆ ಟೀಚರ್ ಅಂಗಳದಲ್ಲಿ ಗೆರೆ ಎಳೆದು, ಕೂಡಿಸುವುದಾದರೆ ಮುಂದಕ್ಕೆ, ಕಳೆಯುವುದಾದರೆ ಹಿಂದಕ್ಕೆ ಹಾರಲು ಬಿಟ್ಟರು. ಎರ್ಮಾಳಿನಿಂದ ನಡೆದು ಬರುತ್ತಿದ್ದ ಸಂಜೀವನಿಗೆ ಕಿವಿ ಅಷ್ಟು ಕೇಳುತ್ತಿರಲಿಲ್ಲ. ಟೀಚರ್ ಅವನ ಅಂಗೈ ಮೇಲೆ ಬೆರಳು ಬಡಿದು ಲೆಕ್ಕ ಕೇಳುತ್ತಿದ್ದರು. ಅವನು ಚಡ್ಡಿ ಜೇಬಿನಿಂದ ಮರುವಾಯಿ ಚಿಪ್ಪು ತೆಗೆದು ನೆಲದಲ್ಲಿ ಜೋಡಿಸಿ ಉತ್ತರ ಕೊಡುತ್ತಿದ್ದ. ಅವನು ಹತ್ತಿರ ಬಂದರೆ ಸಮುದ್ರವೇ ಬಂದ ಹಾಗೆ ವಾಸನೆ.

ನನಗೆ ಇದೆಲ್ಲ ಸ್ವಲ್ಪವೂ ಹಿಡಿಸಲಿಲ್ಲ. ಮಗ್ಗಿ ಬರುವ ಹುಡುಗಿ ಹೊಯಿಗೆಯಲ್ಲಿ ಯಾಕೆ ಆಡಬೇಕು? ಟೀಚರ್ ನನ್ನ ಮುಂದೆ ನಾಲ್ಕು ತೆಂಗಿನ ಗೆರಟೆ ಇಟ್ಟು, ಒಂದು ಹಿಡಿ ಹುಣಸೆ ಬೀಜ ಕೊಟ್ಟು, "ಸರಿಯಾಗಿ ಹಂಚು" ಎಂದರು. ಮುಖ ಊದಿಸಿಕೊಂಡು ಹಂಚಿದೆ. ಕೊನೆಗೆ ಒಂದು ಬೀಜ ಉಳಿಯಿತು. ಯಾವ ಗೆರಟೆಗೆ ಹಾಕಿದರೂ ಅನ್ಯಾಯ. ಟೀಚರ್ ಬರುತ್ತಿರುವುದನ್ನು ನೋಡಿ ಅದನ್ನು ಬಾಯಿಗೆ ಹಾಕಿಕೊಂಡೆ. ಅವರು ನನ್ನ ಗಲ್ಲ ನೋಡಿ, "ಬಾಯಿ ತೆರೆ" ಎಂದರು. ತೆರೆದೆ. "ಇದಕ್ಕೆ ಶೇಷ ಅಂತ ಹೇಳುವುದು ಮಾರಾಯ್ತಿ. ನುಂಗ್ಲಿಕ್ಕಿಲ್ಲ." ಭಾಗಾಕಾರ ನನಗೆ ಅರ್ಥವಾದದ್ದು ಆ ದಿನ, ನಾಲಗೆಯ ಮೂಲಕ.

ಹೀಗಿರುವಾಗ ಆಟಿ ತಿಂಗಳು ಬಂತು. ಗದ್ದೆ ಕೆಲಸ ಮುಗಿದು, ಮೋಡ ಕವಿದು, ಹಗಲೆಲ್ಲ ಮುಸ್ಸಂಜೆಯ ಹಾಗಿರುವ ತಿಂಗಳು ಅದು. ಆಟಿಯಲ್ಲಿ ನಮ್ಮ ಕಡೆಯ ಮನೆಗಳಲ್ಲಿ ಅಟ್ಟದಿಂದ ಚೆನ್ನೆಮಣೆ ಇಳಿಯುತ್ತದೆ. ಒಂದು ಉದ್ದದ ಮರದ ಮಣೆ, ಎರಡು ಸಾಲು ಗುಳಿ, ಸಾಲಿಗೆ ಏಳು. ಗುಳಿಗೆ ನಾಲ್ಕರಂತೆ ಮಂಜೊಟ್ಟಿ ಬೀಜ. ಒಂದು ಗುಳಿಯದ್ದನ್ನೆಲ್ಲ ಎತ್ತಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದೇ ಬಿಡುತ್ತಾ ಹೋಗಬೇಕು. ಕೈ ಖಾಲಿಯಾದರೆ ಮುಂದಿನ ಗುಳಿಯದ್ದನ್ನು ಎತ್ತಿ ಮತ್ತೆ ಹೊರಡಬೇಕು. ಮುಂದಿನದು ಖಾಲಿ ಗುಳಿಯಾದರೆ ಅದರ ಆಚೆಗಿನ ಗುಳಿಯ ಬೀಜ ನಮಗೆ; ಅದೂ ಖಾಲಿಯಾದರೆ ಏನೂ ಇಲ್ಲ. ಆಟಿ ಮುಗಿದ ಮೇಲೆ ಮಣೆಯನ್ನು ಕವುಚಿ ಕಟ್ಟಿ ಅಟ್ಟಕ್ಕೆ ಹಾಕುತ್ತಾರೆ. ಬೇರೆ ತಿಂಗಳಲ್ಲಿ ಅದನ್ನು ಮುಟ್ಟಲಿಕ್ಕಿಲ್ಲ.

ಟೀಚರ್ ಒಂದು ಮಣೆ ಬೇಕೆಂದರು. ನಮ್ಮ ಅಜ್ಜಿಯದ್ದು ಹಲಸಿನ ಮರದ್ದು, ಆಡಿ ಆಡಿ ಗುಳಿಗಳು ನುಣುಪಾಗಿದ್ದವು. "ಶಾಲೆ ಎಂತ ಚೆನ್ನೆ ಆಡುವ ಜಾಗವಾ?" ಎಂದು ಅಜ್ಜಿ ಗೊಣಗಿದಳು. ಆಮೇಲೆ ಹಳೆಯ ಸೀರೆಯಲ್ಲಿ ಸುತ್ತಿ, ದೀಪ ಹಚ್ಚುವ ಮೊದಲು ವಾಪಸು ಬರಬೇಕೆಂದು ಹೇಳಿ ಕೊಟ್ಟಳು. ಶಾಲೆಯಲ್ಲಿ ಟೀಚರ್ ಮಣೆಯನ್ನು ನೆಲದಲ್ಲಿಟ್ಟು, ಒಂದು ಬದಿಗೆ ಅಕ್ಕನನ್ನೂ ಎದುರಿಗೆ ನನ್ನನ್ನೂ ಕೂರಿಸಿದರು. ಕ್ಲಾಸು ಗಪ್‌ಚಿಪ್ಪಾಯಿತು. ಗಿಲ್ಬರ್ಟ್ ಕೂಡ ಹಾರುವುದನ್ನು ನಿಲ್ಲಿಸಿದ.

"ಎಂತಾಯ್ತು?" ಎಂದರು ಟೀಚರ್.

"ಅಕ್ಕತಂಗಿ ಚೆನ್ನೆ ಆಡ್ಲಿಕ್ಕಿಲ್ಲ ಟೀಚರ್" ಎಂದಳು ಅಕ್ಕ, ಮೆಲ್ಲ. ಯಾವುದೋ ಕಾಲದಲ್ಲಿ ಇಬ್ಬರು ಅಕ್ಕತಂಗಿಯರು ಚೆನ್ನೆ ಆಡುತ್ತಾ ಜಗಳವಾಗಿ, ಒಬ್ಬಳು ಇನ್ನೊಬ್ಬಳಿಗೆ ಮಣೆಯಿಂದಲೇ ಹೊಡೆದಳಂತೆ. ಅಂದಿನಿಂದ ಒಡಹುಟ್ಟಿದ ಹೆಣ್ಣುಮಕ್ಕಳು ಎದುರುಬದುರು ಕೂತು ಆಡುವುದಿಲ್ಲ. ಟೀಚರಿಗೆ ಅದು ಗೊತ್ತಿರಲಿಲ್ಲ. ಅವರು ನಗಲಿಲ್ಲ, ಅದೆಲ್ಲ ಸುಳ್ಳು ಎಂದೂ ಹೇಳಲಿಲ್ಲ. ಸ್ವಲ್ಪ ಯೋಚಿಸಿ, "ಎದುರು ಕೂರ್ಲಿಕ್ಕಿಲ್ಲ, ಸರಿ. ಪಕ್ಕದಲ್ಲಿ ಕೂರ್ಬಹುದಲ್ವಾ?" ಎಂದು ಕೇಳಿದರು. ಅದರ ಬಗ್ಗೆ ಯಾರ ಅಜ್ಜಿಯೂ ಏನೂ ಹೇಳಿರಲಿಲ್ಲ.

ಹಾಗೆ ನಾವಿಬ್ಬರೂ ಒಂದೇ ಬದಿಗೆ ಕೂತೆವು, ಎದುರಿಗೆ ಸಂಜೀವ. ನಾನು ಬುದ್ಧಿವಂತೆಯಲ್ಲವೇ, ಬಾಯಲ್ಲೇ ನಾಲ್ಕರ ಮಗ್ಗಿ ಹೇಳುತ್ತಾ ಒಂದು ಗುಳಿಗೆ ಕೈ ಹಾಕಿದೆ. ಅಕ್ಕ ನನ್ನ ಕೈ ಹಿಡಿದಳು. "ಅದಲ್ಲ. ಇದು ಎತ್ತು." ಅವಳ ಇನ್ನೊಂದು ಕೈಯ ಬೆರಳು ಲಂಗದ ಮೇಲೆ ಟಕಟಕನೆ ಓಡುತ್ತಿತ್ತು. "ಅಗೋ ಅಲ್ಲಿ ಮುಗೀತದೆ. ಅದರಾಚೆಯದ್ದು ಖಾಲಿ. ಅದರಾಚೆ ಐದುಂಟು, ನಮಗೆ." ಎತ್ತಿ ಬಿಟ್ಟೆವು. ಅವಳು ತೋರಿಸಿದಲ್ಲೇ ಕೊನೆಯ ಬೀಜ ಬಿತ್ತು. ಟೀಚರ್ ಬಂದು ನೆಲದಲ್ಲೇ ಕೂತುಬಿಟ್ಟರು. ಬೀಜ ಎತ್ತುವ ಮೊದಲೇ ಎಲ್ಲಿ ಮುಗಿಯುತ್ತದೆಂದು ಹೇಳಲು ಅಕ್ಕನಿಗೆ ಹೇಳಿದರು. ಅವಳು ಹೇಳುತ್ತಾ ಹೋದಳು, ಬೀಜಗಳು ಅವಳು ಹೇಳಿದಲ್ಲಿಗೇ ಹೋಗಿ ಬೀಳುತ್ತಾ ಹೋದವು. ಹೊರಗೆ ಮಳೆ, ಒಳಗೆ ಅರೆಗತ್ತಲು, ಎಲ್ಲರೂ ಮಣೆಯ ಸುತ್ತ ಬಗ್ಗಿ ಉಸಿರು ಹಿಡಿದು ನೋಡುತ್ತಿದ್ದೆವು.

"ವಾರಿಜಾ, ನೀನೀಗ ಮಾಡಿದ್ದು ಕೂಡಿಸುವ ಲೆಕ್ಕ, ಕಳೆಯುವ ಲೆಕ್ಕ, ಎಲ್ಲ. ಗೊತ್ತುಂಟಾ ನಿಂಗೆ?"

"ಇಲ್ಲ ಟೀಚರ್" ಎಂದಳು ಅಕ್ಕ ಹೆದರಿ. "ನಾನು ಚೆನ್ನೆ ಆಡಿದ್ದು."

ಆಟಿ ಮುಗಿಯಿತು, ಮಣೆ ಅಟ್ಟ ಹತ್ತಿತು. ಅಕ್ಕ ಬರಿಯ ಮಡಿಲಿನಲ್ಲೇ ಇಲ್ಲದ ಬೀಜಗಳನ್ನು ಬಿಡುತ್ತಾ ಲೆಕ್ಕ ಮಾಡತೊಡಗಿದಳು. ಉತ್ತರ ಸರಿಯಾಗಿ ಬರುತ್ತಿತ್ತು. ಆದರೆ ವರ್ಷದ ಕೊನೆಯ ಪರೀಕ್ಷೆಗೆ ಬಂದವರು ಬೇರೆ ಮಾಸ್ಟ್ರು. "ಕೈ ಕಟ್ಟು" ಎಂದರು. ಕಟ್ಟಿದಳು. ಮುಗಿಯಿತು. ಬಾಯಿಲೆಕ್ಕದಲ್ಲಿ ಸೊನ್ನೆ, ಗಾಬರಿಯಲ್ಲಿ ಸ್ಲೇಟಿನ ಮೇಲಿನ ಅಂಕಿಗಳೂ ಹಳೆಯ ಚಾಳಿಗೆ ತಿರುಗಿದವು. ಅಕ್ಕ ಮತ್ತೆ ಫೇಲು. ಅಪ್ಪ ಸೂಜಿ ಬಾಯಿಂದ ತೆಗೆದು, "ಬೇಸಿಗೆ ರಜೆ ಮುಗಿಯುವುದರೊಳಗೆ ಕಾರ್ಕಳಕ್ಕೆ ಬಿಟ್ಟು ಬರ್ತೇನೆ" ಎಂದರು. ನನಗೆ ಅಳು ಬಂತು. ನಾವಿಬ್ಬರೂ ಮಲಗುತ್ತಿದ್ದುದು ಒಂದೇ ಚಾಪೆಯಲ್ಲಿ. ಅವಳಿಲ್ಲದೆ ನಾನು ಯಾವ ಶಾಲೆಗೂ ಹೋಗುವುದಿಲ್ಲ ಎಂದೆ. "ಹಾಗಾದ್ರೆ ನೀನೂ ಹೋಗು, ಅತ್ತೆಗೆ ಎರಡು ಮಕ್ಕಳುಂಟಲ್ಲ" ಎಂದಳು ಅಮ್ಮ.

ಸುದ್ದಿ ಕೇಳಿ ಕಾರ್ಮಿನ್ ಟೀಚರ್ ಉರಿಬಿಸಿಲಿನಲ್ಲಿ ಕೊಡೆ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಅಮ್ಮ ಬೆಲ್ಲ ನೀರು ಕೊಟ್ಟಳು. ತಮ್ಮ ಜವಾಬ್ದಾರಿಯ ಮೇಲೆ ವಾರಿಜಳನ್ನು ನಾಲ್ಕನೆಯ ಕ್ಲಾಸಿಗೆ ಹತ್ತಿಸಲು ಹೆಡ್ಮಾಸ್ಟ್ರು ಒಪ್ಪಿದ್ದಾರೆ, ನೀವು ಒಪ್ಪಿದರೆ ಸಾಕು ಎಂದು ಅಪ್ಪನಿಗೆ ಹೇಳಿದರು.

"ಹತ್ತಿಸಿದ್ರೆ ಲೆಕ್ಕ ಬಂದ ಹಾಗಾಯ್ತಾ ಟೀಚರ್?" ಎಂದರು ಅಪ್ಪ.

"ಅವಳಿಗೆ ಲೆಕ್ಕ ಬರ್ತದೆ. ನೀವೇ ನೋಡಿ. ಚೆನ್ನೆಮಣೆ ತರ್ಸಿ."

ಒಳಗಿನಿಂದ ಅಜ್ಜಿಯ ದನಿ ಬಂತು: "ಆಟಿ ಅಲ್ಲದೆ ಮಣೆ ಇಳಿಸ್ಲಿಕ್ಕಿಲ್ಲ."

"ಅಂಗಳದಲ್ಲಿ ಗುಳಿ ತೋಡಿದ್ರೆ ಆಗ್ಬಹುದಾ ಅಮ್ಮ?" ಎಂದು ಟೀಚರ್ ಅಜ್ಜಿಯನ್ನು ಕೇಳಿದರು.

"ಗುಳಿ ಮಣ್ಣಲ್ಲಿದ್ರೂ ಆಟ ಅದೇ ಅಲ್ವಾ?" ಎಂದಳು ಅಜ್ಜಿ.

ಟೀಚರ್ ಬೆಲ್ಲದ ಚೂರನ್ನು ಬಾಯಲ್ಲಿಟ್ಟುಕೊಂಡರು. ಕಪ್ಪು ಕೊಡೆಯನ್ನು ಮಡಿಸಿದರು, ಬಿಚ್ಚಿದರು. ಆಮೇಲೆ ಅಪ್ಪನಿಗಲ್ಲ, ಒಳಗಿನ ಕತ್ತಲೆಗೆ ಕೇಳುವ ಹಾಗೆ ಹೇಳಿದರು: "ಹಾಗಾದ್ರೆ ಆಟಿವರೆಗೆ ಕಾಯುವ. ಮಣೆ ಅಟ್ಟದಿಂದ ಇಳಿಯುವವರೆಗೆ ಹುಡುಗಿಯೂ ಮನೆಯಿಂದ ಇಳಿಯುವುದು ಬೇಡ."

ಅಪ್ಪ ಅಟ್ಟವನ್ನು ನೋಡಿದರು, ಅಜ್ಜಿ ಕೂತಿದ್ದ ಬಾಗಿಲನ್ನು ನೋಡಿದರು. "ಅದು ಸರಿಯಾದ ಮಾತು" ಎಂದಳು ಅಜ್ಜಿ. ತಾಯಿ ಸರಿ ಎಂದ ಮೇಲೆ ಅಪ್ಪನಿಗೆ ಮಾತಿಲ್ಲ. ಅಜ್ಜಿ ಕಟ್ಟುಪಾಡಿಗಾಗಿ ಹಾಗೆಂದಳೋ, ಅಕ್ಕ ಇಲ್ಲೇ ಇರಲಿ ಎಂದು ಹಾಗೆಂದಳೋ, ನನಗೆ ಇವತ್ತಿಗೂ ತಿಳಿಯದು. ಕೇಳಿದ್ದರೂ ಹೇಳುತ್ತಿರಲಿಲ್ಲ.

ಆ ಬೇಸಿಗೆಯಷ್ಟು ಉದ್ದದ ಬೇಸಿಗೆಯನ್ನು ನಾನು ಮತ್ತೆ ನೋಡಲಿಲ್ಲ. ಸಂಜೆ ನಾವಿಬ್ಬರೂ ಕಡಲ ಬದಿಗೆ ಹೋಗಿ ಕೂರುತ್ತಿದ್ದೆವು. ದೀಪಸ್ತಂಭದ ಬಂಡೆಗೆ ತೆರೆ ಬಡಿದು ಹಾಲಿನ ಹಾಗೆ ಉಕ್ಕುತ್ತಿತ್ತು. ಅಕ್ಕ ಹೊಯಿಗೆಯಲ್ಲಿ ೬ ಬರೆಯುತ್ತಿದ್ದಳು, ನೀರು ಬಂದು ಒರಸುತ್ತಿತ್ತು, ಮತ್ತೆ ಬರೆಯುತ್ತಿದ್ದಳು. "ಕಾರ್ಕಳದಲ್ಲಿ ಹೊಯಿಗೆ ಉಂಟಾ?" ಎಂದು ಒಮ್ಮೆ ಕೇಳಿದಳು. "ಇಲ್ಲ, ಬರೀ ಬಂಡೆಕಲ್ಲು" ಎಂದೆ, ನೋಡಿ ಬಂದವಳ ಹಾಗೆ.

ಶಾಲೆ ಶುರುವಾಗಿ ನಾಲ್ಕನೆಯ ಕ್ಲಾಸಿನ ಬೆಂಚಿನಲ್ಲಿ ಅಕ್ಕ ನನ್ನ ಪಕ್ಕದಲ್ಲೇ ಕೂತಳು, ಎರವಲು ಬಂದವಳ ಹಾಗೆ ತುದಿಯಲ್ಲಿ. ಕೊನೆಗೂ ಆಟಿ ಬಂತು. ಅಜ್ಜಿ ತಾನೇ ಮಣೆ ಇಳಿಸಿ, ಒರೆಸಿ, ಗುಳಿಗಳಿಗೆ ಬೀಜ ತುಂಬಿಟ್ಟಳು. ಮಧ್ಯಾಹ್ನ ಅಪ್ಪ ಅಂಗಡಿಯಿಂದ ಬಂದು ಒಂದು ಬದಿಗೆ ಚಕ್ಕಳಮಕ್ಕಳ ಹಾಕಿ ಕೂತರು, ಎದುರಿಗೆ ಅಕ್ಕ. ಟೀಚರ್ ಒದ್ದೆ ಕೊಡೆಯನ್ನು ಮಾಡಿನಡಿ ಇಟ್ಟು ಗೋಡೆಗೊರಗಿ ನಿಂತರು. "ಅಪ್ಪ ಯಾವ ಗುಳಿ ಮುಟ್ಟುತ್ತಾರೋ ನೋಡಿ, ಎಲ್ಲಿ ಮುಗೀತದೆ, ಎಷ್ಟು ಸಿಗ್ತದೆ ಅಂತ ಹೇಳು" ಎಂದರು.

ಅಪ್ಪ ಒಂದು ಗುಳಿ ಮುಟ್ಟಿದರು. ಅಕ್ಕನ ಕೈಗಳು ತಾವಾಗಿ ಮೇಲೆ ಹೋಗಿ ಎದೆಯ ಮೇಲೆ ಕಟ್ಟಿಕೊಂಡವು. ಅವಳ ಮುಖ ಪರೀಕ್ಷೆಯ ದಿನದ ಮುಖವಾಯಿತು. ಮಾಡಿನಿಂದ ನೀರು ಸುರಿಯುತ್ತಿತ್ತು. ನನಗೆ ಕೂಗಿ ಉತ್ತರ ಹೇಳಿಬಿಡೋಣವೆನಿಸಿತು, ಆದರೆ ಉತ್ತರ ನನಗೆಲ್ಲಿ ಗೊತ್ತು?

"ಕೈ ಬಿಡು ಮಗಾ" ಎಂದಳು ಅಜ್ಜಿ. "ಇದು ನಮ್ಮ ಮನೆ."

ಅಕ್ಕ ಕೈ ಬಿಟ್ಟಳು. ಬೆರಳುಗಳು ಮಡಿಲಿಗೆ ಇಳಿದವು, ಮೆಲ್ಲಮೆಲ್ಲ ನಡೆಯತೊಡಗಿದವು. "ಅಲ್ಲಿ" ಎಂದಳು. "ಆರು ಸಿಗ್ತದೆ." ಅಪ್ಪ ಎತ್ತಿ, ಬಟ್ಟೆಗೆ ಗುರುತು ಹಾಕುವಷ್ಟು ಜಾಗ್ರತೆಯಿಂದ ಒಂದೊಂದೇ ಬಿಟ್ಟರು. ಅಲ್ಲೇ ಮುಗಿಯಿತು. ಆರು ಸಿಕ್ಕಿತು. ಅಪ್ಪ ಹುಬ್ಬು ಗಂಟಿಕ್ಕಿ ಇನ್ನೊಂದು ಮುಟ್ಟಿದರು, ಅದೂ ಸರಿ. ಆಮೇಲೆ ಬೇಕೆಂದೇ ಒಂದು ದೊಡ್ಡ ಗುಳಿ ಮುಟ್ಟಿದರು, ಮಣೆಯನ್ನು ಸುತ್ತಿ ಸುತ್ತಿ ಹೋಗುವಂಥದ್ದು. ಅಕ್ಕ ಕಣ್ಣು ಅರೆಮುಚ್ಚಿದಳು. ಬೆರಳುಗಳು ಬಹಳ ದೂರ ಹೋಗಿ ಬಂದವು. "ನಿಮ್ಮ ಎದುರಿನದ್ದರಲ್ಲೇ ಮುಗೀತದೆ ಅಪ್ಪ. ಏನೂ ಸಿಗುವುದಿಲ್ಲ." ಅಪ್ಪ ಬಿಡುತ್ತಾ ಹೋದರು. ಏನೂ ಸಿಗಲಿಲ್ಲ.

ಅಪ್ಪ ತಮ್ಮ ಖಾಲಿ ಕೈಯನ್ನು ಸ್ವಲ್ಪ ಹೊತ್ತು ನೋಡಿಕೊಂಡರು. ಎದ್ದರು, ಕೊಡೆ ತೆಗೆದುಕೊಂಡರು, ಅಂಗಡಿಗೆ ಹೋದರು. ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಟೀಚರ್ ಅಕ್ಕನ ತಲೆ ಸವರಿ, "ನಿನ್ನಿಂದಾಗುವುದನ್ನು ನೀನು ಮಾಡಿದ್ದಿ" ಎಂದು ಹೊರಟರು.

ಮರುದಿನ ಅಪ್ಪ ಒಂದು ನೀಲಿ ಲಂಗ ಹೊಲಿದು ತಂದು ಅಕ್ಕನ ಕೈಗೆ ಕೊಟ್ಟರು. ಅಮ್ಮ ಅದರ ಅಂಚು ಮುಟ್ಟಿ ನೋಡಿದಳು. ಕೆಳಗೆ ಸುತ್ತಲೂ ಒಂದರ ಮೇಲೊಂದು ಅಗಲ ಮಡಿ ಹಾಕಿ ಹೊಲಿದಿತ್ತು. "ಇದೆಂತ ಇಷ್ಟು ಮಡಿ? ಹುಡುಗಿಗೆ ಭಾರ ಆಗುವುದಿಲ್ವಾ?"

"ವರ್ಷಕ್ಕೊಂದು ಬಿಚ್ಚಿದ್ರಾಯ್ತು" ಎಂದರು ಅಪ್ಪ, ಕೈಕಾಲು ತೊಳೆಯಲು ಹೋಗುತ್ತಾ.

ಅಕ್ಕ ಹೊಸ್ತಿಲ ಬಳಿ ಕೂತು ಲಂಗವನ್ನು ಮಡಿಲಲ್ಲಿ ಹರಡಿಕೊಂಡಳು. ಒಂದೊಂದು ಮಡಿಯ ಮೇಲೂ ಬೆರಳಿಟ್ಟು, ಐದು, ಆರು, ಏಳು ಎಂದು ಎಣಿಸುತ್ತಾ ಕೊನೆಯದಕ್ಕೆ ಬಂದು ನಿಂತಳು. ಕಣ್ಣು ತುಂಬಿಕೊಂಡು ನನ್ನ ಕಡೆ ತಿರುಗಿದಳು.

"ಎಂಟನೇ ಕ್ಲಾಸಿನವರೆಗೆ ಹೊಲ್ದಿದ್ದಾರೆ, ನೋಡು" ಎಂದಳು.